ಚಿಕ್ಕೋನಿಗೆ ಆಪರೇಷನ್

ಆ ಮನೆಯಲ್ಲಿ ಇದ್ದದ್ದು ಒಬ್ಬಳೇ ಮಗಳು. ಆದರೂ ಹುಟ್ಟಿದಾಗಿನಿಂದ ಅವಳನ್ನು ಎಲ್ಲರೂ ಕರೆದದ್ದು ‘ದೊಡ್ಡೋಳು’ ಎಂದು. ಬೆನ್ನಿಗೇ ಇನ್ನೊಂದು ಬರುತ್ತದೆ ಎಂಬ ಧೈರ್ಯ ಅಜ್ಜಿಗೆ. ಬರಲಿಲ್ಲ. ಹೆಸರು ಮಾತ್ರ ಅಂಟಿಕೊಂಡಿತು, ಅದರ ಪಕ್ಕದ ಜಾಗ ಖಾಲಿಯೇ ಉಳಿಯಿತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಹೋದ ವರ್ಷ ದೊಡ್ಡೋಳು ಕಾಲೇಜಿನಿಂದ ಬರುವಾಗ, ಯಾರೋ ಬಾಡಿಗೆಯವರು ಮನೆ ಖಾಲಿ ಮಾಡಿ ಹೋಗುತ್ತಾ ಗೇಟಿಗೆ ಕಟ್ಟಿಯೇ ಬಿಟ್ಟುಹೋಗಿದ್ದ ಕಂದು ನಾಯಿಯೊಂದನ್ನು ಬಿಚ್ಚಿಕೊಂಡು ಬಂದಳು. ನಾಯಿ ಬರೀ ಮೂಳೆ ಚಕ್ಕಳ. ಅಮ್ಮ ಹೊಲಿಗೆ ಯಂತ್ರದ ಮುಂದಿನಿಂದ ಏಳದೆಯೇ, “ಇರೋ ಬಾಯಿಗಳಿಗೇ ಸಾಲ್ತಿಲ್ಲ, ಇದೊಂದು ಕೇಡು” ಎಂದಳು. ಅಪ್ಪ, “ಎಲ್ಲಿಂದ ತಂದ್ಯೋ ಅಲ್ಲೇ ಬಿಟ್ಟು ಬಾ” ಎಂದ. ಅಜ್ಜಿ ಮಾತ್ರ ಕನ್ನಡಕ ಏರಿಸಿಕೊಂಡು ನಾಯಿಯನ್ನು ತಲೆಯಿಂದ ಬಾಲದವರೆಗೆ ನೋಡಿ, “ದೊಡ್ಡೋಳು ಇದ್ಮೇಲೆ ಚಿಕ್ಕೋನು ಬೇಡ್ವಾ?” ಎಂದುಬಿಟ್ಟಳು. ಅಲ್ಲಿಗೆ ನಾಯಿಗೆ ಹೆಸರೂ ಸಿಕ್ಕಿತು, ಹಾಸಿಗೆಯೂ ಸಿಕ್ಕಿತು. ಬಿಟ್ಟು ಬಾ ಎಂದ ಅಪ್ಪನೇ ವಾರ ಕಳೆಯುವಷ್ಟರಲ್ಲಿ ದಿನಾ ಜೇಬಿನಲ್ಲಿ ಬ್ರೆಡ್ಡಿನ ತುದಿಗಳನ್ನು ತರತೊಡಗಿದ.

ಈ ಅಪ್ಪನಿಗೆ ಬ್ರೆಡ್ ಕಾರ್ಖಾನೆಯಲ್ಲಿ ಒಲೆ ನೋಡಿಕೊಳ್ಳುವ ಕೆಲಸ. ಅಲ್ಲಿ ಅವನನ್ನು ಒಲೆಯಣ್ಣ ಎನ್ನುತ್ತಿದ್ದರು, ನಾವೂ ಹಾಗೇ ಅನ್ನೋಣ. ಹಳೇ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಸೇರಿ ಕೆಲವೇ ತಿಂಗಳಾಗಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೊದಲೇ ಪುಕ್ಕಲು ಮನುಷ್ಯ. ಟ್ರೇ ಕೆಳಗೆ ಬಿದ್ದ ಸದ್ದಾದರೂ ತಾನೇ ಬೀಳಿಸಿದೆನೇನೋ ಎಂದು ಕೈ ನೋಡಿಕೊಳ್ಳುವ ಜಾತಿ. ಹಾಗಾಗಿ ಯಾರೊಡನೆಯೂ ಮನೆಯ ಸುದ್ದಿ ಮಾತಾಡಿರಲಿಲ್ಲ. ಅವನಿಗೆ ಮಕ್ಕಳೆಷ್ಟು ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ, ಹಾಲಿನ ವ್ಯಾನೊಂದು ಬೀದಿಯ ಮೂಲೆಯಲ್ಲಿ ಚಿಕ್ಕೋನಿಗೆ ಬಡಿದು ನಿಲ್ಲದೆ ಹೋಯಿತು. ನಾಯಿ ಹಿಂಗಾಲು ಎಳೆದುಕೊಂಡು ಬಾಗಿಲವರೆಗೆ ಬಂದು ಬಿತ್ತು. ತಾಯಿ ಮಗಳು ಅದನ್ನು ಹಳೇ ಬೆಡ್‌ಶೀಟಿನಲ್ಲಿ ಎತ್ತಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದರು. ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಪ್ಲೇಟು ಹಾಕಿ ಆಪರೇಷನ್ ಮಾಡಬೇಕು, ಆಗದಿದ್ದರೆ ಈ ನೋವಿನಲ್ಲಿ ಇಡುವುದಕ್ಕಿಂತ ಇಂಜೆಕ್ಷನ್ ಕೊಟ್ಟು ಕಣ್ಣು ಮುಚ್ಚಿಸುವುದೇ ಮೇಲು ಎಂದರು ಡಾಕ್ಟರು. ದೊಡ್ಡೋಳು ಅಲ್ಲಿಂದಲೇ ಅಪ್ಪನಿಗೆ ಫೋನು ಮಾಡಿದಳು.

ಒಲೆಯ ಪಕ್ಕದ ಫ್ಯಾನು ಗುಂಯ್ಗುಡುತ್ತಿತ್ತು. ಒಲೆಯಣ್ಣ ಒಂದು ಕಿವಿ ಮುಚ್ಚಿಕೊಂಡು ಕಿರುಚಿದ:

“ಯಾರಿಗೆ? ಚಿಕ್ಕೋನಿಗಾ? ಆಪರೇಷನ್ ಮಾಡಿಸ್ದೆ ಇದ್ರೆ?”

ಆ ಹೊತ್ತಿಗೇ ಟೀ ಗಂಟೆ ಹೊಡೆಯಿತು. ಫ್ಯಾನು ನಿಂತಿತು, ಬ್ರೆಡ್ ಕೊಯ್ಯುವ ಯಂತ್ರ ನಿಂತಿತು. ಅವನ ಮುಂದಿನ ಮಾತು ಅಷ್ಟಗಲದ ಶೆಡ್ಡಿನಲ್ಲಿ ಎಲ್ಲರ ಕಿವಿಗೂ ಬಿತ್ತು.

“ಅಷ್ಟು ದುಡ್ಡು ಎಲ್ಲಿಂದ ತರ್ಲಿ ಮಗಳೇ? ಚಿಕ್ಕೋನು ಹೋಗ್ಬಿಟ್ರೆ ನಿಮ್ಮಜ್ಜಿ ಬದುಕ್ತಾಳಾ?”

ಆ ಕಾರ್ಖಾನೆಯಲ್ಲಿ ಒಂದು ರೂಢಿಯಿತ್ತು. ಯಾರ ಮನೆಗಾದರೂ ಕಾಯಿಲೆ ಕಸಾಲೆ ಬಂದರೆ ಯೀಸ್ಟಿನ ಖಾಲಿ ಡಬ್ಬಿಯೊಂದು ಕೈಯಿಂದ ಕೈಗೆ ತಿರುಗುತ್ತಿತ್ತು. ಯಾರು ಎಷ್ಟು ಹಾಕಿದರು ಎಂದು ಯಾರೂ ಇಣುಕಬಾರದು, ಏನು ಎತ್ತ ಎಂದು ಯಾರೂ ಕೇಳಬಾರದು. ಸಂಜೆ ಬಟ್ಟೆ ಬದಲಾಯಿಸಿ ಹೊರಬಂದ ಒಲೆಯಣ್ಣನ ಕೈಗೆ ಪ್ಯಾಕಿಂಗ್ ಅಕ್ಕ ಆ ಡಬ್ಬಿಯನ್ನು ಇಟ್ಟಳು. ಬ್ರೆಡ್ಡಿಗೆ ಕಾಗದ ಸುತ್ತುವ ಹೆಂಗಸರಿಗೆಲ್ಲ ಅವಳೇ ಹಿರಿಯಳು. ಗಂಡನಿಲ್ಲ, ಒಬ್ಬಳು ಪುಟ್ಟ ಮಗಳು.

“ಅಕ್ಕ, ಇದು...”

“ಏನೂ ಹೇಳ್ಬೇಡಿ ಅಣ್ಣ. ಮೊದಲು ಮಗು ಉಳೀಲಿ. ಇವತ್ತು ನಿಮಗೆ, ನಾಳೆ ನಮಗೆ.”

ಅವಳ ಕಣ್ಣು ಒದ್ದೆಯಾಗಿತ್ತು. ಹೇಳಬೇಕಾಗಿದ್ದದ್ದು ಎರಡೇ ಮಾತು: ಅದು ನಾಯಿ. ಆ ಎರಡು ಮಾತು ಒಲೆಯಣ್ಣನ ಗಂಟಲವರೆಗೆ ಬಂದು ಅಲ್ಲೇ ಕೂತವು. ಹೇಳಿದರೆ ಇಷ್ಟು ಜನರ ಮುಂದೆ ನಗೆಪಾಟಲು, ಹೇಳದಿದ್ದರೆ ಮೋಸ. ಯಾವುದು ಎಂದು ತೀರ್ಮಾನಿಸುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಪುಕ್ಕಲರ ಹಣೆಬರಹವೇ ಇಷ್ಟು, ಅವರು ಸುಳ್ಳು ಹೇಳುವುದಿಲ್ಲ, ನಿಜ ಹೇಳುವುದಕ್ಕೆ ತಡಮಾಡುತ್ತಾರೆ.

ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಾಗ ಹೆಂಡತಿ ಕೇಳಿದಳು, “ಎಲ್ಲಿಂದ ಇದು?”

“ಕಾರ್ಖಾನೆಯವ್ರು ಕೊಟ್ರು.”

“ನಾಯಿಗೆ? ಇಷ್ಟೊಂದಾ?”

“ಒಳ್ಳೇ ಜನ” ಎಂದು ಅವನು ಕೈ ತೊಳೆಯಲು ಎದ್ದ.

ದೊಡ್ಡೋಳು ಡಬ್ಬಿಯನ್ನು ಎದೆಗೆ ಅವಚಿಕೊಂಡು ಅಪ್ಪನ ಬೆನ್ನಿಗೆ ಹಣೆ ಒತ್ತಿದಳು. ಅವಳೂ ಫೋನಿನಲ್ಲಿ ನಾಯಿಯ ಫೋಟೊ ಹಾಕಿ ಸಹಾಯ ಬೇಡಿದ್ದಳು. ಬಂದದ್ದು ಬರೀ ಬೈಗುಳ, ನಡುವೆ ಅಷ್ಟಿಷ್ಟು ಚಿಲ್ಲರೆ. ಡಬ್ಬಿಯ ದುಡ್ಡಿನ ಮೇಲೆ ಅಮ್ಮನ ಹೊಲಿಗೆ ಕೂಲಿ, ಅಜ್ಜಿ ದಿಂಬಿನ ಹೊಟ್ಟೆಯಿಂದ ಬಿಚ್ಚಿ ತೆಗೆದ ನೋಟುಗಳು, ಎಲ್ಲ ಸೇರಿ ಆಪರೇಷನ್ ನಡೆಯಿತು. ಚಿಕ್ಕೋನು ತೊಡೆಗೆ ಪಟ್ಟಿ ಕಟ್ಟಿಸಿಕೊಂಡು, ಕುತ್ತಿಗೆಗೆ ಲಾಳಿಕೆಯಂಥ ಪ್ಲಾಸ್ಟಿಕ್ ತೊಟ್ಟು ಮನೆಗೆ ಬಂದ. ಗಾಯ ಕೀವಾಗದೆ ಒಣಗಬೇಕು, ಆಮೇಲೆ ನಡೆದರೆ ನಡೆದ ಎಂದಿದ್ದರು. ರಾತ್ರಿಯೆಲ್ಲ ಕುಂಯ್ ಎನ್ನುತ್ತಿದ್ದ. ಅಜ್ಜಿ ಪಕ್ಕದಲ್ಲೇ ಚಾಪೆ ಹಾಕಿಕೊಂಡಳು.

ಒಲೆಯಣ್ಣನ ನರಳಾಟ ಕಾರ್ಖಾನೆಯಲ್ಲಿ. ಪ್ಯಾಕಿಂಗ್ ಅಕ್ಕ ದಿನಾ ಬಂದು ವಿಚಾರಿಸುವಳು.

“ಜ್ವರ ಇಳೀತಾ ಅಣ್ಣ?”

“ಇಳೀತು ಅಕ್ಕ.”

“ವಯಸ್ಸೆಷ್ಟು?”

“ಎರಡು... ಇರಬಹುದು.”

“ಇರಬಹುದು ಅಂದ್ರೆ? ಹೆತ್ತವರಿಗೆ ಗೊತ್ತಿಲ್ವಾ?”

“ಎರಡೇ. ಹತ್ತಿರ ಹತ್ತಿರ.”

“ಊಟ?”

“ಅನ್ನ ಮೂಸಲ್ಲ. ಮೊಟ್ಟೆ ಕೊಟ್ರೆ ತಿಂತಾನೆ.”

“ಮಾತಾಡ್ತಾನಾ? ಎಲ್ಲಿ ನೋವು ಅಂತ ತೋರಿಸ್ತಾನಾ?”

“ಇಲ್ಲ” ಎಂದ ಒಲೆಯಣ್ಣ, ನೆಲ ನೋಡುತ್ತಾ. “ಅವನಿಗೆ ಮಾತು ಬರಲ್ಲ.”

ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು. “ನನ್ನ ಮಗಳೂ ನಾಲ್ಕು ವರ್ಷ ತುಂಬೋವರೆಗೆ ಒಂದು ಮಾತೂ ಆಡಿರಲಿಲ್ಲ. ಹೆದರ್ಬೇಡಿ ಅಣ್ಣ. ಬರುತ್ತೆ.”

ಅಡ್ಡಗೋಡೆಯ ಮೇಲೆ ದೀಪ ಇಟ್ಟರೆ ಎರಡೂ ಕಡೆ ಬೆಳಕು ಎಂದುಕೊಂಡಿದ್ದ ಅವನು. ಈಗ ಎರಡೂ ಕಡೆ ಕತ್ತಲೆ. ಒಂದೊಂದು ನಿಜವೂ ಅವನನ್ನು ಇನ್ನೊಂದು ಮೊಳ ಕೆಳಗೆ ಇಳಿಸುತ್ತಿತ್ತು.

ಒಂದು ದಿನ ಟೀ ಹೊತ್ತಿನಲ್ಲಿ ಅಕ್ಕ ಫೋನನ್ನು ಅವನ ಮುಖದ ಮುಂದೆ ಹಿಡಿದಳು. “ನೋಡಿ ಅಣ್ಣ, ಕಾಲ ಹೆಂಗಿದೆ. ಯಾರೋ ನಾಯಿ ಆಪರೇಷನ್‌ಗೆ ದುಡ್ಡು ಕೇಳ್ತಿದ್ದಾರಂತೆ. ನಿಮ್ಮ ಮಗನಂಥೋರು ಹಾಸಿಗೆ ಹಿಡಿದಿರುವಾಗ.”

ಯಾರಿಂದ ಯಾರಿಗೋ ಹೋಗಿ, ಬರಹವೆಲ್ಲ ಕಳಚಿ, ಬರೀ ಫೋಟೊ ಮಾತ್ರ ಉಳಿದಿತ್ತು. ಅವನದೇ ಮನೆಯ ನೀಲಿ ಕಾಲೊರಸು, ಅದರ ಮೇಲೆ ಚಿಕ್ಕೋನು. ಫೋಟೊದ ಮೂಲೆಯಲ್ಲಿ ಒಂದು ಮನುಷ್ಯನ ಪಾದ, ಉಗುರು ಕಪ್ಪಾದ ಹೆಬ್ಬೆರಳು. ಟ್ರೇ ಬಿದ್ದು ಕಪ್ಪಾದ ಉಗುರು ಅದು. ಟ್ರೇ ಬಿದ್ದಾಗ ಐಸು ತಂದು ಇಟ್ಟವಳು ಇದೇ ಪ್ಯಾಕಿಂಗ್ ಅಕ್ಕ. ಒಲೆಯಣ್ಣ ಬೂಟಿನೊಳಗೆ ಬೆರಳು ಮಡಚಿಕೊಂಡ. ಅವಳು ಫೋನು ಜೇಬಿಗಿಟ್ಟು ಟೀ ಕುಡಿದಳು.

ಅವತ್ತು ಊಟಕ್ಕೆ ಕೂತಾಗ ಅವನು ಮೊದಲ ತುತ್ತಿಗೇ ಹೇಳಿದ, “ಆ ಫೋಟೊ ತೆಗೆದುಹಾಕು.”

“ಯಾವ ಫೋಟೊ?” ಎಂದಳು ದೊಡ್ಡೋಳು.

“ನಾಯಿದು. ಈಗ್ಲೇ ತೆಗಿ.”

“ಯಾಕೆ? ಇನ್ನೂ ಔಷಧಿ ಖರ್ಚಿದೆ. ಕೊಟ್ಟೋರು ದಿನಾ ಕೇಳ್ತಾರೆ, ಹೆಂಗಿದಾನೆ ಅಂತ.”

“ತೆಗಿ ಅಂದ್ರೆ ತೆಗಿಬೇಕು.”

ಹೆಂಡತಿ ತಟ್ಟೆ ಸರಿಸಿ ಅವನನ್ನೇ ನೋಡಿದಳು. ಬಟ್ಟೆಯ ಹಿಂಬದಿ ನೋಡಿ ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಹೇಳುವ ಹೆಂಗಸು. “ರೀ, ಡಬ್ಬಿ ಕೊಟ್ಟೋರಿಗೆ ಏನು ಹೇಳಿದ್ದೀರಿ?”

“ಏನೂ ಹೇಳಿಲ್ಲ.”

“ಅದೇ ಕೇಳ್ತಿರೋದು. ಏನು ಹೇಳಿಲ್ಲ?”

ಬಾಯಿ ಬಿಡಲೇಬೇಕಾಯಿತು. ಅವನು ಹೇಳಿ ಮುಗಿಸಿದಾಗ ಯಾರೂ ಉಣ್ಣುತ್ತಿರಲಿಲ್ಲ. ಅಜ್ಜಿಯೇ ಮೊದಲು ಮಾತಾಡಿದಳು.

“ಇದ್ರಲ್ಲಿ ಸುಳ್ಳೇನು ಬಂತು? ಚಿಕ್ಕೋನು ಅಂದ, ಚಿಕ್ಕೋನೇ. ಅವ್ರಿಗೆ ಕಿವಿ ಸರಿ ಇಲ್ದಿದ್ರೆ ನನ್ನ ಮಗ ಏನು ಮಾಡ್ತಾನೆ?”

“ಸುಮ್ನಿರಿ ಅತ್ತೆ. ನೀವು ಇಟ್ಟ ಹೆಸರಿಂದಾನೇ ಇಷ್ಟೆಲ್ಲ.”

“ಹೌದಮ್ಮ, ಹೆಸರು ಇಡೋಕೆ ನನಗೆ ಇನ್ಯಾರಿದ್ರು ಮನೇಲಿ?”

ಖಾಲಿ ಜಾಗದ ಮಾತು ಇಷ್ಟು ವರ್ಷಕ್ಕೆ ಮೊದಲ ಸಲ ಊಟದ ನಡುವೆ ಬಂದು ಬಿದ್ದಿತ್ತು. ಹೆಂಡತಿ ಎದ್ದು ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಬಟ್ಟೆ ಇಟ್ಟಿರಲಿಲ್ಲ, ಬರೀ ಚಕ್ರ ತಿರುಗಿಸುತ್ತಿದ್ದಳು. ದೊಡ್ಡೋಳು ತಟ್ಟೆಯನ್ನೇ ನೋಡುತ್ತಾ ಕೇಳಿದಳು, “ಅಪ್ಪಾ, ನಾಳೆ ಹೇಳ್ತೀಯಾ?”

“ಕೆಲಸ ಕಾಯಂ ಆಗ್ಲಿ. ಆಮೇಲೆ.”

“ನಾಯಿ ಅಂತ ಬರೆದಿದ್ದಕ್ಕೆ ನನ್ನ ಬೈದ್ರು. ಆದ್ರೂ ನಾಯಿ ಅಂತಾನೇ ಬರೆದೆ.” ಅವಳು ಅಷ್ಟೇ ಹೇಳಿ ತಟ್ಟೆ ಎತ್ತಿಕೊಂಡು ಹೋದಳು. ಫೋಟೊ ತೆಗೆದಳು. ಅಪ್ಪನ ಜೊತೆ ಮಾತನ್ನೂ ನಿಲ್ಲಿಸಿದಳು.

ಪಟ್ಟಿ ಬಿಚ್ಚಿದ ಮೇಲೆ ಚಿಕ್ಕೋನಿಗೆ ನಡಿಗೆ ಕಲಿಸುವ ಕೆಲಸ ಶುರುವಾಯಿತು. ಹೊಟ್ಟೆಯ ಕೆಳಗೆ ಟವೆಲು ಹಾಯಿಸಿ ಎರಡು ತುದಿ ಮೇಲೆ ಹಿಡಿದುಕೊಳ್ಳಬೇಕು, ಭಾರ ನಾವು ಹೊರಬೇಕು, ಕಾಲು ಅದು ಇಡಬೇಕು. ಅಜ್ಜಿಗೆ ಸೊಂಟ ಬಗ್ಗುವುದಿಲ್ಲ, ಹೆಂಡತಿಗೆ ಹೊಲಿಗೆ, ಮಗಳಿಗೆ ಪರೀಕ್ಷೆ. ರಜೆಯ ದಿನ ಮಧ್ಯಾಹ್ನ ಒಲೆಯಣ್ಣನೇ ಅಂಗಳದಲ್ಲಿ ಟವೆಲು ಹಿಡಿದು ಬಗ್ಗಿದ್ದ.

“ನಿಧಾನ ಕಣೋ ಚಿಕ್ಕೋನೆ. ಹಾಂ, ಇನ್ನೊಂದು ಹೆಜ್ಜೆ. ನಾನು ಹಿಡ್ಕೊಂಡಿದ್ದೀನಿ, ಬೀಳಲ್ಲ.”

ಗೇಟಿನ ಕೊಂಡಿ ಸದ್ದಾಗಿ ತಲೆ ಎತ್ತಿದ. ಮನೆ ಹುಡುಕಿಕೊಂಡು ಬಂದ ಪ್ಯಾಕಿಂಗ್ ಅಕ್ಕ ನಿಂತಿದ್ದಳು. ಒಂದು ಕೈಯಲ್ಲಿ ಮಕ್ಕಳು ನಡಿಗೆ ಕಲಿಯುವ ಗಾಲಿ ಗಾಡಿ, ಕೆಂಪು ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ಇನ್ನೊಂದು ಕೈಯಲ್ಲಿ ಬಟ್ಟೆಯ ಚೆಂಡು. ಅವಳು ಅವನನ್ನು ನೋಡಿದಳು, ಟವೆಲು ನೋಡಿದಳು, ಟವೆಲಿನಲ್ಲಿ ಜೋತುಬಿದ್ದಿದ್ದ ನಾಯಿಯನ್ನು ನೋಡಿದಳು. ಟವೆಲು ಬಿಟ್ಟರೆ ನಾಯಿ ಬೀಳುತ್ತದೆ, ಬಿಡದಿದ್ದರೆ ನೆಟ್ಟಗೆ ನಿಲ್ಲಲಾಗದು. ಬಗ್ಗಿಕೊಂಡೇ ಇದ್ದ.

ಅಜ್ಜಿ ಬಾಗಿಲಿಗೆ ಬಂದು, “ಯಾರಮ್ಮ? ಚಿಕ್ಕೋನನ್ನ ನೋಡೋಕ್ ಬಂದ್ಯಾ? ಬಾ ಬಾ, ಇವತ್ತು ಆರು ಹೆಜ್ಜೆ ಇಟ್ಟ” ಎಂದಳು, ಬಂದವಳು ಯಾರೆಂದು ತಿಳಿಯದೆ.

ಅಕ್ಕ ಗಾಡಿಯನ್ನು ಗೇಟಿನ ಒಳಗಿಟ್ಟಳು. ಚೆಂಡನ್ನು ಅದರ ಮೇಲಿಡಲು ಹೋದಾಗ ಅದು ಉರುಳಿ ಕೆಳಗೆ ಬಿತ್ತು. ಚಿಕ್ಕೋನು ಟವೆಲು ಎಳೆದುಕೊಂಡು ಮುಂದೆ ಹಾರಿ ಚೆಂಡನ್ನು ಬಾಯಲ್ಲಿ ಕಚ್ಚಿದ.

“ಮಗಳು ಕಳಿಸಿದ್ದು” ಎಂದಳು ಅಕ್ಕ. ಅವಳ ದನಿ ಏರಲೇ ಇಲ್ಲ. “ದಿನಾ ಕೇಳ್ತಾಳೆ, ಆ ಪಾಪು ಮಾತಾಡ್ತಾ ಅಂತ. ಈಗ ಮನೆಗೆ ಹೋಗಿ ಅವಳಿಗೆ ಏನು ಹೇಳ್ಲಿ ಅಣ್ಣ?”

ಅವನು ಬಾಯಿ ತೆರೆದ. ಅವಳು ಒಂದು ಗಳಿಗೆ ಕಾದಳು, ನಿಜವಾಗಿಯೂ ಕಾದಳು. ಆಮೇಲೆ ಗೇಟು ಹಾಕಿಕೊಂಡು ಹೋದಳು.

ಮರುದಿನ ಒಲೆಯಣ್ಣ ಎಲ್ಲರೂ ಒಳಗೆ ಹೋಗುವವರೆಗೆ ಕಾರ್ಖಾನೆಯ ಬಾಗಿಲ ಹೊರಗೇ ನಿಂತಿದ್ದ. ಏನೂ ಆಗಲಿಲ್ಲ. ಅಕ್ಕ ಯಾರಿಗೂ ಹೇಳಿರಲಿಲ್ಲ. ವಿಚಾರಿಸಲು ಬರುವುದನ್ನು ಬಿಟ್ಟಿದ್ದಳು, ಅಷ್ಟೇ. ಬೈದಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಈಗ ಇಬ್ಬರು ಒಟ್ಟಿಗೆ ನಕ್ಕರೆ ತನ್ನ ಸುದ್ದಿಯೇ, ಸೂಪರ್‌ವೈಸರ್ ಕರೆದರೆ ಅದಕ್ಕೇ ಎಂದು ಅವನ ಜೀವ ಹಾರುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಇವನು ಯಾರೂ ಏನೂ ಅನ್ನದೆಯೇ ಹೆಗಲು ಸವೆಸಿದ. ಒಂದು ದಿನ ಇಡೀ ಒಲೆಯ ಬ್ರೆಡ್ಡು ಕಪ್ಪಾಯಿತು.

“ನೀವೇ ಹೋಗಿ ಹೇಳ್ಬಿಡಿ” ಎಂದಳು ಹೆಂಡತಿ. “ನಿಂತು ಹೇಳಿದ್ರೆ ಬೈಸ್ಕೋತೀರಿ. ಸಿಕ್ಕಿಬಿದ್ರೆ ಉಗಿಸ್ಕೋತೀರಿ.”

“ಕೆಲಸ ಹೋದ್ರೆ?”

“ಹೋಗ್ಲಿ. ನಿಮ್ಮ ಮುಖ ನೋಡ್ಕೊಂಡು ಊಟ ಮಾಡೋಕೆ ಆಗ್ತಿಲ್ಲ ನನಗೆ.”

ಅವನು ನಾಳೆ ಎಂದ. ಆ ನಾಳೆ ಬರುವ ಮೊದಲೇ ಚಿಕ್ಕೋನು ಟವೆಲಿಲ್ಲದೆ ನಡೆದುಬಿಟ್ಟ. ಅಂಗಳದ ಈ ತುದಿಯಿಂದ ಆ ತುದಿಗೆ, ಸೊಟ್ಟಸೊಟ್ಟಗೆ, ಬಾಯಲ್ಲಿ ಬಟ್ಟೆಯ ಚೆಂಡು. ಒಲೆಯಣ್ಣ ಮಂಡಿಯೂರಿ ಕೈ ಚಾಚಿದ್ದ, ಅಜ್ಜಿ ಹಿಂದಿನಿಂದ “ಬಂದ ನೋಡು ನಮ್ಮ ಚಿಕ್ಕೋನು” ಎಂದು ಅಳುತ್ತಿದ್ದಳು. ದೊಡ್ಡೋಳು ಅದನ್ನೆಲ್ಲ ವಿಡಿಯೋ ಮಾಡಿ ಫೋನಿಗೆ ಹಾಕಿದಳು.

ಅವನಿಗೆ ತಿಳಿದಾಗ ಕಾಲ ಮಿಂಚಿತ್ತು. “ಬೇಡ ಅಂದಿದ್ನಲ್ಲೇ” ಎಂದು ಕೂಗಾಡಿದ.

“ದುಡ್ಡು ಕೊಟ್ಟೋರಿಗೆ ನಡೆದಾಗ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೆ ಅಪ್ಪಾ. ನಿನಗೆ ಕೊಟ್ಟೋರಿಗೆ ನೀನು ಏನು ತೋರಿಸ್ತೀಯೋ ಅದು ನಿನಗೆ ಬಿಟ್ಟಿದ್ದು” ಎಂದಳು ಮಗಳು. ಅವಳೂ ಅಳುತ್ತಿದ್ದಳು.

ಹಿಟ್ಟು ಕಲಸುವವನ ಫೋನಿಗೆ ಆ ವಿಡಿಯೋ ಮೊದಲು ಬಂತು. ಟೀ ಹೊತ್ತಿಗೆ ಶೆಡ್ಡಿಗೆ ಶೆಡ್ಡೇ ನೋಡಿಯಾಗಿತ್ತು. ಒಲೆಯಣ್ಣ ಒಳಗೆ ಬಂದಾಗ ಯಾರೋ ಒಬ್ಬ “ಭೌ” ಎಂದ. ಒಬ್ಬಿಬ್ಬರು ನಕ್ಕರು, ಉಳಿದವರು ನಗಲಿಲ್ಲ, ಅದೇ ಹೆಚ್ಚು ಹೆದರಿಸಿತು. ಹಿಟ್ಟಿನವನು, “ನಾನು ಅವತ್ತು ಮನೆಗೆ ನಡ್ಕೊಂಡು ಹೋದೆ, ಬಸ್ಸಿನ ಕಾಸು ಡಬ್ಬಿಗೆ ಹಾಕಿ” ಎಂದ. ಸೂಪರ್‌ವೈಸರ್, “ಅದು ನಾಯೀನಾ?” ಎಂದು ಕೇಳಿದಾಗ ಒಲೆಯಣ್ಣ ಹೌದೆಂದು ತಲೆಯಾಡಿಸಿದ.

ಕೆಲಸ ಹೋಗಲಿಲ್ಲ, ಕಾಯಂ ಆಗುವುದು ಮುಂದಕ್ಕೆ ಹೋಯಿತು. ಸಂಬಳ ಬಂದಾಗಲೆಲ್ಲ ಒಂದಿಷ್ಟನ್ನು ಅವನು ಡಬ್ಬಿಗೆ ಹಾಕತೊಡಗಿದ. ಆದರೆ ಡಬ್ಬಿ ಮೊದಲಿನಂತೆ ಇರಲಿಲ್ಲ. ಸೂಪರ್‌ವೈಸರ್ ಹೊಸ ನಿಯಮ ಮಾಡಿದ್ದ: ಇನ್ನು ಮೇಲೆ ಇಬ್ಬರು ಹೋಗಿ ರೋಗಿಯನ್ನು ಕಣ್ಣಾರೆ ನೋಡಿ ಬಂದರೆ ಮಾತ್ರ ಡಬ್ಬಿ ತಿರುಗಬೇಕು. ಯಾರೂ ಬೇಡ ಎನ್ನಲಿಲ್ಲ.

ಆ ನಿಯಮ ಮೊದಲು ತಾಗಿದ್ದು ಪ್ಯಾಕಿಂಗ್ ಅಕ್ಕನಿಗೆ. ಅವಳ ಮಗಳಿಗೆ ಹೊಟ್ಟೆನೋವು ಬಂದು, ಕರುಳಿನ ಆಪರೇಷನ್ ಆಗಿ, ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಔಷಧಿಗೆ ದುಡ್ಡು ಸಾಲದೆಂದು ಅಕ್ಕ ಹೇಳಿ ಕಳಿಸಿದಳು.

“ಹಿಟ್ಟಿನವನು ಒಬ್ಬ ಹೋಗ್ಲಿ” ಎಂದ ಸೂಪರ್‌ವೈಸರ್, ಆಮೇಲೆ ಒಲೆಯ ಕಡೆ ತಿರುಗಿದ. “ಇನ್ನೊಬ್ರು ನೀವೇ ಹೋಗಿ ಒಲೆಯಣ್ಣ. ಮಗು ಯಾವ್ದು, ನಾಯಿ ಯಾವ್ದು, ನಿಮಗೆ ಚೆನ್ನಾಗಿ ಗೊತ್ತಲ್ಲ.”

“ನಾನು ಬೇಡ ಸಾರ್.”

“ನೀವೇ.”

ವಾರ್ಡಿನಲ್ಲಿ ಸಾಲಾಗಿ ಕಬ್ಬಿಣದ ಮಂಚಗಳು, ಫಿನಾಯಿಲ್ ವಾಸನೆ. ಒಲೆಯಣ್ಣ ಬಾಗಿಲಲ್ಲೇ ನಿಂತುಬಿಟ್ಟ. ಹಿಟ್ಟಿನವನು ತೋಳು ಹಿಡಿದು ಕರೆದುಕೊಂಡು ಹೋದ. ಅಕ್ಕ ಸ್ಟೂಲಿನಿಂದ ಎದ್ದಳು. ಅವರು ಯಾಕೆ ಬಂದರೆಂದು ಅವಳಿಗೆ ಗೊತ್ತಿತ್ತು. ಮಗಳ ಗಲ್ಲದವರೆಗೆ ಎಳೆದಿದ್ದ ಹೊದಿಕೆಯನ್ನು ಸೊಂಟದವರೆಗೆ ಸರಿಸಿದಳು. ಚಿಕ್ಕ ಹೊಟ್ಟೆ, ಅದರ ಮೇಲೆ ಅಗಲ ಪಟ್ಟಿ.

“ನೋಡ್ಕೊಳ್ಳಿ ಅಣ್ಣ” ಎಂದಳು. “ಮನುಷ್ಯರ ಮಗೂನೇ.”

ಹಿಟ್ಟಿನವನು ಗೋಡೆ ನೋಡಿದ. ಒಲೆಯಣ್ಣನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆಗ ಹುಡುಗಿ ಕಣ್ಣು ಬಿಟ್ಟಳು. ಬಂದವರಲ್ಲಿ ಯಾರು ಯಾರು ಎಂದು ನೋಡಿ, ಬಾಗಿದ ಬೆನ್ನಿನವನನ್ನೇ ಆರಿಸಿಕೊಂಡಳು.

“ಮಾಮ, ನೀವು ಚಿಕ್ಕೋನ ಅಪ್ಪಾನಾ?”

“ಹೂಂ.”

“ಅವನು ಈಗ ಮಾತಾಡ್ತಾನಾ? ನಾನೂ ಲೇಟಾಗೇ ಮಾತಾಡಿದ್ದು.”

ಅವನು ಅಕ್ಕನ ಮುಖ ನೋಡಿದ. ಮಗಳಿಗೆ ಅವಳಿನ್ನೂ ಹೇಳಿಲ್ಲ. ಅವಳು ಕಾಯುತ್ತಿದ್ದಳು, ಅವತ್ತು ಗೇಟಿನಲ್ಲಿ ಕಾದ ಹಾಗೆಯೇ. ಹೂಂ ಪುಟ್ಟಿ, ಮಾತಾಡುತ್ತಾನೆ ಎಂದುಬಿಡುವುದು ಎಷ್ಟು ಸುಲಭವಿತ್ತು. ಕಾಯಿಲೆ ಮಗು, ಖುಷಿಪಡುತ್ತಿತ್ತು.

“ಇಲ್ಲ ಪುಟ್ಟಿ” ಎಂದ ಒಲೆಯಣ್ಣ. “ಅವನು ಮಾತಾಡಲ್ಲ. ಅದು ನಾಯಿ.”

ಹುಡುಗಿ ದಿಂಬಿನಿಂದ ತಲೆ ಎತ್ತಿದಳು.

“ನಾಯೀನಾ? ಮೊದಲೇ ಹೇಳ್ಬಾರ್ದಿತ್ತಾ ಮಾಮ? ಬಟ್ಟೆ ಚೆಂಡು ಕಚ್ಚಿ ಹರಿದ್ಹಾಕುತ್ತೆ. ನನ್ನ ಹತ್ರ ರಬ್ಬರ್ ಚೆಂಡಿದೆ, ಅದೇ ನನಗೆ ತುಂಬ ಇಷ್ಟ. ನಾಯಿ ಅಂದಿದ್ರೆ ಅದನ್ನೇ ಕೊಡ್ತಿದ್ದೆ.”

ಅಕ್ಕ ಹೊದಿಕೆಯನ್ನು ಮತ್ತೆ ಮಗಳ ಗಲ್ಲದವರೆಗೆ ಎಳೆದಳು. ಒಲೆಯಣ್ಣ ಮಂಚದ ಸರಳು ಹಿಡಿದುಕೊಂಡು ನಿಂತೇ ಇದ್ದ.